ಅಮ್ಮನ ನಾಲಿಗೆ, ನನ್ನ ತುರಿ

ಮಾರ್ಚ್ ೯, ಭಾನುವಾರ

ಜ್ವರ ಬಿಟ್ಟು ಎರಡು ತಿಂಗಳಾದರೂ ಅಮ್ಮನ ನಾಲಿಗೆಗೆ ರುಚಿ ಮರಳಿರಲಿಲ್ಲ. ಏನು ಕೊಟ್ಟರೂ 'ಚೆನ್ನಾಗಿದೆ ಕಣೋ' ಅನ್ನುತ್ತಿದ್ದಳು. ಜನ್ಮದಲ್ಲಿ ನನ್ನ ಕೈಅಡುಗೆ ಹೊಗಳದವಳು ಹಾಗಂದಾಗೆಲ್ಲ ನನ್ನೆದೆ ಧಸಕ್ಕೆನ್ನುತ್ತಿತ್ತು.

ಇವತ್ತು ಮನೆಮಂದಿಯೆಲ್ಲ ಸೇರಿ ಕಿತ್ತಳೆ ಬಿಸ್ಕತ್ತು ಮಾಡಿದೆವು. ಹಿಟ್ಟು ಕಲಸಿದ್ದು ಹೆಂಡತಿ, ಒವನ್ ಮುಂದೆ ಕಾವಲು ಕೂತಿದ್ದು ಮಗಳು. ಸಿಪ್ಪೆ ತುರಿಯುವ ಘನಕಾರ್ಯ ನನ್ನ ಪಾಲಿಗೆ.

'ಮೇಲಿನ ಬಣ್ಣದ್ದಷ್ಟೇ ಸಾಕು ರೀ,' ಅಂದಿದ್ದಳು ಹೆಂಡತಿ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಆಸಾಮಿಯೇ ನಾನು? ಒಳಗಿನ ಬಿಳಿಯನ್ನೂ ಬಿಡದೆ ತುರಿದೆ. ಸಕ್ಕರೆ ಪುಡಿ, ರಸದ ಜೊತೆ ಕಲಸಿ, ಬಿಸಿ ಆರಿದ ಬಿಸ್ಕತ್ತುಗಳ ಮೇಲೆ ಧಾರಾಳವಾಗಿ ಸುರಿದೆ.

ಅಮ್ಮ ಒಂದು ಕಚ್ಚಿದಳು. ಮುಖ ಕಿವುಚಿದಳು.

'ಥೂ, ಕಹಿ! ಯಾವ ಮಹಾನುಭಾವ ತುರಿದಿದ್ದು ಇದನ್ನ?'

ಮಗಳು 'ಅಜ್ಜೀ, ಇನ್ನೊಂದ್ಸಲ ಹೇಳು!' ಅಂತ ಕುಣಿದಳು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಮ್ಮ ಮಾತ್ರ ನಿಲ್ಲಿಸಲಿಲ್ಲ: 'ಇವನಪ್ಪನೂ ಹೀಗೇ, ಹೇಳಿದ್ದು ಕೇಳ್ತಿರಲಿಲ್ಲ.'

ಆಹಾ, ಎಂಥ ಬೈಗುಳ!

ಉಳಿದ ಮೂವತ್ತನ್ನೂ ನಾನೇ ತಿಂದು ಮುಗಿಸಬೇಕೆಂದು ತೀರ್ಪಾಗಿದೆ. ನಾಲ್ಕನೆಯದನ್ನು ಅಗಿಯುತ್ತಾ ಬರೆಯುತ್ತಿದ್ದೇನೆ. ವಿಷದಂಥ ಕಹಿ. ಅಮ್ಮನಿಗೂ ಹೀಗೇ ಅನ್ನಿಸಿತಲ್ಲ, ಸದ್ಯ...