ಬದುಕಿದ್ದರೆ ಲೆಕ್ಕಕ್ಕಿಲ್ಲ

ಮನೆಯಿಂದ,
ಜುಲೈ ತಿಂಗಳ ಮೊದಲ ಭಾನುವಾರ

ಲಿಫ್ಟಿನವರಿಗೆ ನಿಮ್ಮ ಹಲ್ಲಿನವಳ ನಮಸ್ಕಾರ.

ಆರು ವರ್ಷದ ಮೇಲೆ ಗಂಡನಿಗೆ ಬರೆಯುವ ಪತ್ರವನ್ನು ಹೇಗೆ ಶುರು ಮಾಡಬೇಕೆಂದು ತಿಳಿಯದೆ ಬೆಳಗಿನಿಂದ ಚಹಾ ಕುಡಿಯುತ್ತಾ ಕೂತಿದ್ದೇನೆ. ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನೋಣವೆಂದರೆ ಮೊದಲರ್ಧ ಸುಳ್ಳಾಗುತ್ತದೆ. ಬೈಯೋಣವೆಂದರೆ ಇಷ್ಟು ಕಾಗದ ಸಾಲದು. ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ.

ವಿಮೆಯ ದುಡ್ಡು ಬಂತು. ಗಾಬರಿಯಾಗಬೇಡಿ, ನಿಮ್ಮದಲ್ಲ, ನೀವಿನ್ನೂ ಇದ್ದೀರಿ. ಬಂದದ್ದು ನನ್ನದು, ಮತ್ತು ನಾನೂ ಇದ್ದೇನೆ. ದೊಡ್ಡ ಕಾಯಿಲೆ ಬಂದು ವೈದ್ಯರು ಬರೆದುಕೊಟ್ಟರೆ, ಸತ್ತ ಮೇಲೆ ಬರಬೇಕಾದ ಹಣದಲ್ಲಿ ಒಂದು ಪಾಲನ್ನು ಬದುಕಿರುವಾಗಲೇ ಕೊಡುತ್ತಾರಲ್ಲ, ಅದು. ಲ್ಯಾಬಿನಲ್ಲಿ ಇಷ್ಟು ವರ್ಷ ಕೃತಕ ಹಲ್ಲು ಉಜ್ಜಿದ ಪುಡಿಯೆಲ್ಲ ಎದೆಯೊಳಗೆ ಕೂತು ಶ್ವಾಸಕೋಶ ಗಟ್ಟಿಯಾಗಿದೆಯಂತೆ. ವೈದ್ಯರು ಪ್ರಮಾಣಪತ್ರದಲ್ಲಿ ಏನೇನೋ ದೊಡ್ಡದಾಗಿ ಬರೆದಿದ್ದಾರೆ. ಕಂಪನಿಯವರ ಕೈಯಿಂದ ದುಡ್ಡು ಬಿಡಿಸಬೇಕಾದರೆ ಹಾಗೆ ಬರೆಯಲೇಬೇಕಲ್ಲ. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ವಿಳಾಸ ಕೊಟ್ಟದ್ದು ನಮ್ಮ ವಿಮೆಯ ಏಜೆಂಟು, ಸೀಟಿ ಮಾಮ. ಮೊದಲು ಸುತರಾಂ ಒಪ್ಪಲಿಲ್ಲ, ಗ್ರಾಹಕರ ಗುಟ್ಟು, ಕೆಲಸಕ್ಕೆ ಕುತ್ತು ಎಂದೆಲ್ಲ ರಾಗ ಎಳೆದರು. ಹಾಗಾದರೆ ನಾನು ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಇಲ್ಲೇ ಮೇಜಿನ ಮೇಲೆ ಇಟ್ಟು ಹೋಗಿ ಎಂದೆ. ಆಮೇಲೆ ಬಾಯಿಬಿಟ್ಟರು.

ಅವರು ಮೊದಲ ಸಲ ನಮ್ಮ ಮನೆಗೆ ಬಂದ ಸಂಜೆ ನಿಮಗೆ ನೆನಪಿದೆಯೋ ಇಲ್ಲವೋ. ಮೂರನೇ ಮಹಡಿಗೆ ಏದುಸಿರು ಬಿಡುತ್ತಾ ಹತ್ತಿ ಬಂದು, "ಏನ್ರೀ ಇದು, ಲಿಫ್ಟ್ ರಿಪೇರಿ ಮಾಡೋರ ಮನೆಗೇ ಲಿಫ್ಟ್ ಇಲ್ವಲ್ಲ" ಎಂದು ಕುರ್ಚಿಯಲ್ಲಿ ಕುಸಿದಿದ್ದರು. ಹಲ್ಲು ಆಗಿನ್ನೂ ಹೊಸದು. ಮುಂದಿನ ಒಂದು ಹಲ್ಲು ಕೂದಲೆಳೆಯಷ್ಟು ಉದ್ದವಾಗಿತ್ತು, ಅದು ನನ್ನದೇ ಕೈವಾಡ. 'ಸ' ಬಂದಾಗಲೆಲ್ಲ ಸೀಟಿ ಹೊಡೆಯುತ್ತಿತ್ತು. ಬೇರೆ ಯಾವ ವ್ಯಾಪಾರದವರಾದರೂ ನಿಭಾಯಿಸುತ್ತಿದ್ದರು, ಪಾಪ, ಅವರು ಮಾತೆತ್ತಿದರೆ ಸಾವು, ಸತ್ತವರು, ಸತ್ತ ಮೇಲೆ. "ಟರ್ಮ್ ಪಾಲಿಸಿ ಅಂದ್ರೆ ಇಷ್ಟೇ ನೋಡಿ. ಅವಧಿ ಒಳಗೆ ಸತ್ರೆ ಪೂರ್ತಿ ಹಣ. ಬದುಕಿದ್ರೆ ಲೆಕ್ಕಕ್ಕಿಲ್ಲ" ಎಂದರು. ಸತ್ರೆ ಎನ್ನುವಲ್ಲಿ ಸೀಟಿ. ನೀವು ನನ್ನ ಮುಖ ನೋಡಿದಿರಿ, ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಸ್ವಲ್ಪ ಹೆಚ್ಚು ಕಂತು ಕಟ್ಟಿದರೆ ಪಾಲಿಸಿಯ ಮೇಲೆ ರೈಡರ್ ಎಂಬ ಇನ್ನೊಂದು ಸೌಲಭ್ಯ ಹಾಕಿಸಿಕೊಳ್ಳಬಹುದು ಎಂದಾಗ, "ರೈಡರ್ ಅಂದ್ರೆ ಬೈಕ್ ಹೊಡೆಯೋನಾ?" ಎಂದು ಕೇಳಿದಿರಿ. ಅವರು ನಗಲಿಲ್ಲ. ಬೆರಳು ಮಡಚಿ ಹೇಳಿದರು: ಒಂದು, ಅಪಘಾತವಾಗಿ ದುಡಿಯಲಾರದೆ ಮಲಗಿದರೆ ಬರುವುದು. ಇನ್ನೊಂದು, ವಾಸಿಯಾಗದ ಕಾಯಿಲೆ ಬಂದರೆ ಬರುವುದು. ಎರಡೂ ಬದುಕಿರುವವರಿಗೇ. ನಮ್ಮ ಕೈಯಲ್ಲಿ ಆಗುತ್ತಿದ್ದದ್ದು ಇಬ್ಬರಿಗೂ ಸೇರಿ ಒಂದೇ. ಅದು ನಿಮಗೇ ಎಂದು ನಾನು ಖಡಾಖಂಡಿತವಾಗಿ ಹೇಳಿದೆ. ಲಿಫ್ಟಿನ ನೆತ್ತಿಯ ಮೇಲೆ ನಿಂತು, ಹಗ್ಗದಷ್ಟು ದಪ್ಪದ ಗ್ರೀಸು ಮೆತ್ತಿದ ತಂತಿ ಹಿಡಿದು, ಬಾವಿಯಂಥ ಕತ್ತಲಲ್ಲಿ ಕೆಲಸ ಮಾಡುವವರು ನೀವು. ನಾನು ಸ್ಟೂಲಿನ ಮೇಲೆ ಕೂತು ಪರರ ಹಲ್ಲು ಉಜ್ಜುವವಳು, ನನಗೇನು ದಾಡಿ?

ಇಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದೆ. ವಾಪಸ್ಸು ಬಂದಾಗ ಇಬ್ಬರೂ ತಪ್ಪು ಮಾಡಿದ ಹುಡುಗರ ಹಾಗೆ ಗಪ್‌ಚುಪ್ ಕೂತಿದ್ದಿರಿ. ಪಾಲಿಸಿಗಳು ಮನೆಗೆ ಬಂದಾಗ ಗೊತ್ತಾಯಿತು, ನಿಮ್ಮದು ಬೋಳು, ರೈಡರ್ ಇದ್ದದ್ದು ನನ್ನದಕ್ಕೆ, ಅದೂ ಕಾಯಿಲೆಯದು. ನಾನು ವಾರಗಟ್ಟಲೆ ಮುಖ ಊದಿಸಿಕೊಂಡಿದ್ದೆ. ಕೊನೆಗೆ ನೀವು ಹೇಳಿದಿರಿ, "ಅಷ್ಟು ಮೇಲಿಂದ ಬಿದ್ದೋನು ಉಳಿಯಲ್ಲ ಕಣೇ, ನಂಗ್ಯಾಕೆ ಅರ್ಧಂಬರ್ಧದ್ದು? ನೀನು ದಿನಾ ತಲೆ ತುಂಬ ಆ ಹಲ್ಲಿನ ಸೆಟ್ ಉಜ್ಜಿದ ಗುಲಾಬಿ ಬಣ್ಣದ ಪುಡಿ ಹಾಕ್ಕೊಂಡು ಬರ್ತೀಯ. ತಲೇಲೇ ಅಷ್ಟಿದ್ರೆ ಎದೇಲಿ ಎಷ್ಟಿರಬೇಡ?" ನಕ್ಕುಬಿಟ್ಟೆ. ಮಾರನೆಯ ದಿನ ಲ್ಯಾಬಿನಲ್ಲೂ ಹೇಳಿ ಎಲ್ಲರನ್ನೂ ನಗಿಸಿದೆ. ಆ ಕೋಣೆಯಲ್ಲಿ ನಾವು ಏಳು ಜನ ಇದ್ದೆವು, ಒಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಎಲ್ಲರೂ ನಿಮ್ಮ ಅಪಾಯವನ್ನೇ ನೋಡುತ್ತಿದ್ದಾಗ ನನ್ನ ಅಪಾಯವನ್ನು ಕಂಡವರು ನೀವೊಬ್ಬರೇ.

ನೀವು ಬಿದ್ದಿರಿ. ಉಳಿದೂ ಉಳಿದಿರಿ. ಸೊಂಟ ಮುರಿದಿತ್ತು, ಕಾಲು ಮುರಿದಿತ್ತು. ನಾಲ್ವರು ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಹೊತ್ತು ತಂದರು. ಸೀಟಿ ಮಾಮ ನೋಡಲು ಬಂದು, ಮೆತ್ತಗೆ ಮೊಣಕಾಲು ಸವರಿಕೊಳ್ಳುತ್ತಾ, ನಿಮ್ಮ ಪಾಲಿಸಿಯಲ್ಲಿ ಇದಕ್ಕೆ ಏನೂ ಬರುವುದಿಲ್ಲ ಎಂದರು. ಅಷ್ಟರಲ್ಲಿ ನಾನು ಆ ಹಲ್ಲನ್ನು ತಿದ್ದಿಕೊಟ್ಟಿದ್ದೆ, ಸೀಟಿ ಬರುತ್ತಿರಲಿಲ್ಲ. ನೀವು ನಗುತ್ತಾ, "ಬದುಕಿದ್ರೆ ಲೆಕ್ಕಕ್ಕಿಲ್ಲ, ಅಲ್ವಾ ಮಾಮ?" ಎಂದಿರಿ.

ಅವತ್ತಿನಿಂದ ಅದು ನಿಮ್ಮ ನಾಲಿಗೆಗೆ ಅಂಟಿಕೊಂಡಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದವರಿಗೆ ಹೇಳಿದಿರಿ, ಪೇಪರು ಓದಿ ಕೊಡುತ್ತಿದ್ದ ಕೆಳಮನೆಯ ಅಜ್ಜಿಗೆ ಹೇಳಿದಿರಿ, ನನಗೆ ಸಂಬಳವಾದ ದಿನ ತಪ್ಪದೆ ಹೇಳಿದಿರಿ. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ರೇಗಿದೆ. ಆಮೇಲಾಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ, ನೀವು ನಂಬತೊಡಗಿದಿರಿ. "ನಾನು ಇದ್ರೆ ನಿನ್ನ ದುಡಿಮೆ ತಿನ್ನೋನು, ಹೋದ್ರೆ ನಿಂಗೆ ಕೊಡೋನು" ಎಂದಿರಿ ಒಂದು ದಿನ. ಕೋಲು ಹಿಡಿದು ನಡೆಯುವಂತಾದ ವಾರವೇ, ನಾನು ಲ್ಯಾಬಿನಲ್ಲಿದ್ದಾಗ, ಚೀಲ ತೆಗೆದುಕೊಂಡು ಇಳಿದು ಹೋದಿರಿ. ಆ ಮೆಟ್ಟಿಲನ್ನು ಒಬ್ಬರೇ ಹೇಗೆ ಇಳಿದಿರೋ ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ನಿಮಗೆ ಹೇಳಲು ಸಮಯ ಸಿಗದ ಮಾತು ಒಂದಿದೆ. ನೀವು ಮಲಗಿದ್ದ ಆ ತಿಂಗಳುಗಳಲ್ಲಿ ನಾನು ಸುಖವಾಗಿದ್ದೆ. ಕೇಳಿ ಸಿಟ್ಟಾಗಬೇಡಿ. ಅದಕ್ಕೆ ಮೊದಲು ನೀವು ಮನೆಗೆ ಬರುವ ಹೊತ್ತು ಯಾವ ಕಟ್ಟಡದ ಯಾವ ಲಿಫ್ಟು ಕೆಟ್ಟಿತೆನ್ನುವುದರ ಮೇಲೆ ಇರುತ್ತಿತ್ತು. ಆ ತಿಂಗಳುಗಳಲ್ಲಿ ಮಾತ್ರ ಸಂಜೆ ನಾನು ಮೆಟ್ಟಿಲು ಹತ್ತುವಾಗ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು, ರೇಡಿಯೋ ಕೇಳುತ್ತಿತ್ತು. ನಿಮ್ಮ ಕಾಲು ನೀವುತ್ತಾ ಲ್ಯಾಬಿನ ಸುದ್ದಿಯನ್ನೆಲ್ಲ ಒದರುತ್ತಿದ್ದೆ. ಯಾರ ದವಡೆ ಸೊಟ್ಟ, ಯಾರು ಚಿನ್ನದ ಹಲ್ಲು ಕೇಳಿ ಬೆಲೆ ಕೇಳಿ ಓಡಿದರು, ಎಲ್ಲ. ಹುಟ್ಟಿದಾಗಿನಿಂದ ನನ್ನ ಮಾತನ್ನು ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ. ನೀವು ಕೆಲಸಕ್ಕೆ ಬಾರದವನಾದೆ ಎಂದು ಕೊರಗುತ್ತಿದ್ದಿರಿ, ನಾನು ನೀವು ಮನೆಯಲ್ಲಿದ್ದೀರೆಂದು ಹಿಗ್ಗುತ್ತಿದ್ದೆ.

ನೀವು ಮನೆ ಬಿಟ್ಟ ವರ್ಷದ ನವೆಂಬರಿನಲ್ಲಿ ನಿಮ್ಮ ಪಾಲಿಸಿಯ ಕಂತು ಸಂದಾಯವಾಗಿದೆ ಎಂದು ನಮ್ಮ ಮೂರನೇ ಮಹಡಿಯ ವಿಳಾಸಕ್ಕೆ ರಸೀದಿ ಬಂತು. ಅದನ್ನು ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ಬದುಕಿದ್ದೀರಿ ಎಂದು ಅತ್ತೆ, ಆಮೇಲೆ ಸಿಟ್ಟಿಗೆ ಅತ್ತೆ. ಪ್ರತಿ ವರ್ಷವೂ ಅದೇ. ಗಂಡನ ಯೋಗಕ್ಷೇಮ ತಿಳಿಸುವುದು ವಿಮಾ ಕಂಪನಿ! ನೀವು ಸತ್ತರೆ ನನಗೆ ಎಷ್ಟು ಬರುತ್ತದೆ ಎಂದು ಗೊತ್ತು, ಊಟ ಮಾಡಿದಿರಾ ಎಂದು ಗೊತ್ತಿಲ್ಲ. ಹೊಟ್ಟೆ ಬಟ್ಟೆ ಕಟ್ಟಿ ಆ ಕಂತು ಕಟ್ಟುತ್ತೀರೆಂದು ಮಾಮ ಹೇಳಿದರು. ಅದು ಪ್ರೀತಿಯೆಂದು ನನಗೆ ತಿಳಿಯುತ್ತದೆ. ಆದರೆ ಅದನ್ನು ಇಟ್ಟುಕೊಂಡು ನಾನು ಏನು ಮಾಡಲಿ?

ಈಗ ಯಾವುದೋ ದೊಡ್ಡ ಆಸ್ಪತ್ರೆಯ ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುತ್ತೀರಂತೆ. ದಿನಕ್ಕೆ ಎಷ್ಟು ಜನರನ್ನು ಮೇಲಕ್ಕೆ ಕಳಿಸುತ್ತೀರೋ ಏನೋ. ನಾನಿನ್ನೂ ಕೆಳಗೇ ಇದ್ದೇನೆ, ಅದೂ ನಿಜವಾಗಿ ಕೆಳಗೆ. ಬಂದ ದುಡ್ಡಿನಲ್ಲಿ ನೆಲಮಹಡಿಯ ಮನೆ ಹಿಡಿದಿದ್ದೇನೆ. ಎರಡು ಕೋಣೆ, ರಸ್ತೆಗೆ ತೆರೆಯುವ ಕಿಟಕಿ, ಎದುರಿಗೆ ಸೈಕಲ್ ಅಂಗಡಿ. ಬಾಗಿಲಿಗೆ ಒಂದೇ ಮೆಟ್ಟಿಲಿತ್ತು, ಮೇಸ್ತ್ರಿಯನ್ನು ಕರೆಸಿ ಸಿಮೆಂಟು ಹಾಕಿಸಿ ಇಳಿಜಾರು ಮಾಡಿಸಿದೆ. ಯಾರಿಗಮ್ಮಾ ಇದು ಎಂದು ಕೇಳಿದ. ನಮ್ಮ ಮನೆಯವರಿಗೆ ಎಂದೆ. ಕಿಟಕಿಯ ಹತ್ತಿರ ಎರಡು ಮಂಚ ಹಾಕಿಸಿದ್ದೇನೆ. ಒಂದರ ಪಕ್ಕದಲ್ಲಿ ಆಮ್ಲಜನಕದ ಯಂತ್ರ ಇದೆ, ಗುಂಯ್ ಎನ್ನುತ್ತಲೇ ಇರುತ್ತದೆ. ನಿಮಗೆ ಮೋಟಾರಿನ ಸದ್ದು ಹೊಸದಲ್ಲ, ನಿದ್ದೆ ಬರುತ್ತದೆ.

ನನ್ನ ನಂತರ ನಿಮಗೆ ಬರಬೇಕಾದದ್ದನ್ನು ನಾನೇ ಹೀಗೆ ಉಡಾಯಿಸುತ್ತಿದ್ದೇನೆ. ಅಂದು ಚಹಾ ಆಗುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಆರಿಸಿದವರು ನೀವೇ ತಾನೆ, ಅನುಭವಿಸಿ. ನೀವು ಅಂದು ಆ ರೈಡರ್ ನನ್ನ ಹೆಸರಿಗೆ ಹಾಕಿಸದಿದ್ದರೆ ನಾನು ಇವತ್ತು ಮೂರನೇ ಮಹಡಿಯಲ್ಲಿ ಉಸಿರಿಗೆ ಒದ್ದಾಡುತ್ತಾ ಕೂತಿರುತ್ತಿದ್ದೆ. ಈ ಯಂತ್ರ, ಈ ಕಿಟಕಿ, ಈ ಗಾಳಿ ಎಲ್ಲ ನಿಮ್ಮದೇ.

ಬನ್ನಿ. ನನ್ನನ್ನು ನೋಡಿಕೊಳ್ಳಲಿಕ್ಕಲ್ಲ, ಅದಕ್ಕೆ ಬೆಳಿಗ್ಗೆ ಸಂಜೆ ಒಬ್ಬ ನರ್ಸಮ್ಮ ಬರುತ್ತಾರೆ. ದುಡಿಯಲಿಕ್ಕೂ ಅಲ್ಲ. ಏನೂ ಮಾಡದೆ, ಯಾವ ಕೆಲಸಕ್ಕೂ ಬಾರದೆ, ಪಕ್ಕದ ಮಂಚದಲ್ಲಿ ಸುಮ್ಮನೆ ಇರಲಿಕ್ಕೆ ಬನ್ನಿ. ಈಗ ಹೆಚ್ಚು ಹೊತ್ತು ಮಾತಾಡಲು ನನ್ನ ಕೈಯಲ್ಲಾಗುವುದಿಲ್ಲ, ಆದ್ದರಿಂದ ಈ ಸಲ ನೀವು ಹೇಳಿ, ನಾನು ಕೇಳುತ್ತೇನೆ.

ಇಂತಿ,
ಎಲ್ಲಿದ್ದರೂ ನಿಮ್ಮವಳೇ ಆದ
ಹಲ್ಲಿನವಳು

ತಾ. ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ವೈದ್ಯರು ಕಂಪನಿಗೋಸ್ಕರ ದೊಡ್ಡದು ಮಾಡಿ ಬರೆದದ್ದಲ್ಲ, ಇದ್ದದ್ದನ್ನೇ ಬರೆದಿದ್ದಾರೆ. ಸೆಪ್ಟೆಂಬರ್ ದಾಟುವುದು ಕಷ್ಟವಂತೆ. ಆದ್ದರಿಂದ ಈ ನವೆಂಬರಿನ ಕಂತು ಕಟ್ಟಬೇಡಿ, ನೀವು ಸತ್ತರೆ ಆ ದುಡ್ಡು ತೆಗೆದುಕೊಳ್ಳಲು ನಾನಿರುವುದಿಲ್ಲ. ಅದಕ್ಕೆಂದು ಎತ್ತಿಟ್ಟದ್ದರಲ್ಲಿ ಈ ವಾರವೇ ರೈಲಿನ ಟಿಕೆಟ್ ತೆಗೆಯಿರಿ.