ಗೋಡೆಯಾಚೆಗೆ ಬಂದ ಪಂಪ್‌ಹೌಸ್

ಪ್ರೀತಿಯ ಅಕ್ಕನಿಗೆ,

ನಿನ್ನ ಮನೆಯ ಹಿಂದೆ ಬರಬೇಕಿದ್ದ ನೀರಿನ ಪಂಪ್‌ಹೌಸನ್ನು ನಮ್ಮ ಮಲಗುವ ಕೋಣೆಗೆ ಅಂಟಿದ ಖಾಲಿ ಜಾಗದಲ್ಲಿ ಕಟ್ಟುವುದೆಂದು ನಗರಸಭೆ ತೀರ್ಮಾನಿಸಿದೆ.

ಅಂದಿನ ಸಭೆಯಲ್ಲಿ ನಾನೂ ಇದ್ದೆ. ನೀನು ಎದ್ದು, "ಹಗಲೂ ರಾತ್ರಿ ಮೋಟಾರ್ ಗುಂಯ್ ಅಂತಿದ್ರೆ ನಮ್ಮತ್ತೆ ನಿದ್ದೆ ಮಾಡೋದು ಹೇಗೆ, ನೀವೇ ಹೇಳಿ" ಎಂದಾಗ ಅಧ್ಯಕ್ಷರೇ ತಲೆದೂಗಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ನನ್ನ ಗಂಡ. ನಿಮ್ಮಲ್ಲಿಂದ ಎತ್ತಂಗಡಿಯಾದ ಪಂಪ್‌ಹೌಸ್ ನಮ್ಮ ಪಕ್ಕಕ್ಕೇ ಬರುತ್ತದೆಂದು ಅವರಿಗಾಗ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ, "ನಿಮ್ಮಕ್ಕ ಮಾತಾಡಿದ್ರೆ ಕೇಳ್ತಾನೇ ಇರ್ಬೇಕು ಅನ್ಸುತ್ತೆ" ಎನ್ನುತ್ತಲೇ ಇದ್ದರು. ಚಿಕ್ಕಂದಿನಲ್ಲಿ ಅಮ್ಮನ ಬಾಯಲ್ಲೂ ಇದೇ ಮಾತು. ಆಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಮೇಲೆ ನಾನೇ ಕಚೇರಿಗೆ ಹೋದೆ. ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಅರ್ಧಕ್ಕೇ ಮರೆತು, ಬರೆದು ತಂದ ಮೇಲ್ಮನವಿಯನ್ನಷ್ಟೇ ಮೇಜಿನ ಮೇಲಿಟ್ಟೆ. ಗುಮಾಸ್ತ ಪಾಪ ಅಂದುಕೊಂಡನೋ ಏನೋ, "ಮೇಡಂ, ನಿಮ್ಮಕ್ಕನ್ನೇ ಕರ್ಕೊಂಡ್ ಬನ್ನಿ" ಎಂದ.

ಸೋಮವಾರ ನಮ್ಮ ಮೇಲ್ಮನವಿಯ ವಿಚಾರಣೆಯಿದೆ. ನೀನು ಬಂದು ನಮ್ಮ ಪರವಾಗಿ ಮಾತಾಡಬೇಕು. ನನ್ನ ಗಂಡ ನಿನ್ನ ಜೊತೆ ಒಳಗೆ ಬರುತ್ತಾರೆ. ನಾನು ಹೊರಗೆ ವರಾಂಡದಲ್ಲಿ ಕೂತಿರುತ್ತೇನೆ. ನೀನು ಗೆಲ್ಲಲೇಬೇಕು ಅಕ್ಕ. ಗೆಲ್ಲುವುದನ್ನು ಮಾತ್ರ ನಾನು ನೋಡಲಾರೆ.

ನಿನ್ನ ತಂಗಿ