ಖಾಲಿ ತಂತಿಯ ಸ್ವರ

ಏಪ್ರಿಲ್ ೩, ಗುರುವಾರ. ಬೆಳಿಗ್ಗೆ ೬

ಮತ್ತೆ ಕಪಾಟಿಗೆ ಗಿಟಾರಿನ ತಲೆ ಒತ್ತಿ ನುಡಿಸಿದೆ. ಆಂಪ್ಲಿಫೈಯರ್ ಇಲ್ಲದವರಿಗೆ ಇದೇ ದಾರಿ. ಕರೆಂಟು ಸಿಗದ ಬಾಸ್ ಗಿಟಾರು ಸೊಳ್ಳೆಗಿಂತ ಸಣ್ಣಗೆ ಗುನುಗುತ್ತದೆ. ತಲೆ ಮರಕ್ಕೆ ತಾಗಿಸಿದರೆ ಕಪಾಟೇ ಹಾಡುತ್ತದೆ. ಎಲ್ಲಕ್ಕಿಂತ ದಪ್ಪ ತಂತಿ ಮೀಟಿದೆ. ಒಳಗೆ ಅವ್ವನ ಬಳೆ ಡಬ್ಬಿ ನಡುಗಿತು. ಆಮೇಲೆ ನನ್ನ ಹಲ್ಲು. ಸೊಲ್ಲಾಪುರದಿಂದ ಇದನ್ನು ತಂದು ತಿಂಗಳ ಮೇಲಾಯಿತು, ದಿನವೂ ಇದೇ ಬೆರಗು. ನಾಲ್ಕೇ ತಂತಿ...

ಅವ್ವ ದಾಲ್ ಮಿಲ್ಲಿಗೆ ಹೊರಟವಳು ಬಾಗಿಲಲ್ಲಿ ನಿಂತಳು. ಮಿಲ್ಲಿನ್ಯಾಗೂ ದಿನಾ ಇದ ಸಪ್ಪಳ, ಮನಿಗೆ ಬಂದ್ರೂ ಇದನ ಕೇಳ್ಬೇಕೇನು ಅಂದಳು. ಬೈಗುಳವೋ ಮೆಚ್ಚುಗೆಯೋ, ಅವಳ ಮುಖ ನೋಡಿದರೆ ಎಂದೂ ತಿಳಿಯುವುದಿಲ್ಲ.

ಸಂಜೆ ಪ್ರ್ಯಾಕ್ಟೀಸ್ ಇದೆ. ಅಲ್ಲಿ ನನ್ನ ಭವಿಷ್ಯದ ತೀರ್ಮಾನ.

ಏಪ್ರಿಲ್ ೪

ತೀರ್ಮಾನ ಆಗಲಿಲ್ಲ. ಜಗಳ ಆಯಿತು.

ನಮ್ಮ ಹಾಡಿನ ತಂಡದ ಲೀಡರ್ ಸತೀಶಕುಮಾರ. ಶಾಲೆಯಲ್ಲಿ ಅತಿಥಿ ಶಿಕ್ಷಕ, ತಂಡದಲ್ಲಿ ಕೀಬೋರ್ಡ್. ಹಾಡುವವಳು ಪಂಚಶೀಲಕ್ಕ, ಜೇವರ್ಗಿಯಲ್ಲಿ ನರ್ಸ್, ರಜೆ ಸಿಕ್ಕಾಗ ಬಸ್ಸು ಹತ್ತಿ ಆಳಂದಕ್ಕೆ ಬರುತ್ತಾಳೆ. ಡ್ರಮ್ಸ್ ಪ್ಯಾಡ್ ಬಾರಿಸುವವನು ಧರ್ಮರಾಜ, ಹಗಲೆಲ್ಲ ಟಂಟಂ ಆಟೋ ಓಡಿಸುತ್ತಾನೆ. ಏಪ್ರಿಲ್, ಮೇ ನಮ್ಮ ಸೀಸನ್. ಊರೂರಿಗೂ ಭೀಮ ಜಯಂತಿ, ಒಂದೊಂದು ಊರಿಗೆ ಒಂದೊಂದು ದಿನ.

ತೊಂದರೆ ಏನೆಂದರೆ, ಸತೀಶಣ್ಣನ ಕೀಬೋರ್ಡಿನಲ್ಲಿ ಒಂದು ಬಟನ್ ಇದೆ. ಅದನ್ನು ಒತ್ತಿ ಎಡಗೈ ಇಟ್ಟರೆ ಬಾಸ್, ಹಾಡಿನ ತಳದ ದಪ್ಪ ಸ್ವರ, ತಾನಾಗಿಯೇ ಬರುತ್ತದೆ. ತಪ್ಪಿಲ್ಲ, ದಣಿವಿಲ್ಲ, ಚಹಾ ಕೇಳುವುದಿಲ್ಲ. ಅದರ ಜೊತೆ ನಾನೂ ನುಡಿಸಿದರೆ ಎರಡು ಬಾಸ್ ಕೂಡಿ ಕೆಸರು. ಯಾರಾದರೂ ಒಬ್ಬರು ಸುಮ್ಮನಾಗಬೇಕು.

ಸತೀಶಣ್ಣ ಸಮಾಧಾನ ಮಾಡಲು ನೋಡಿದ. "ಬ್ಯಾಸರ ಮಾಡ್ಕೋಬ್ಯಾಡ ಮೈತ್ರಿ. ಬಾಸ್ ಅಂದ್ರ ಬುನಾದಿ. ಅದು ಕಾಣಂಗಿಲ್ಲ, ಕೇಳಂಗಿಲ್ಲ. ಆದ್ರ ಎಲ್ಲಾ ಅದರ ಮ್ಯಾಲೇ ನಿಂತಿರ್ತದ."

ಮೈ ಉರಿಯಿತು. ಬುನಾದಿ! ಚಳವಳಿಯ ಎಷ್ಟು ಪುಸ್ತಿಕೆಗಳಲ್ಲಿ ಓದಿದ್ದೇನೆ ಈ ಮಾತಿನ ಕಥೆಯನ್ನು. ಕೆಳಗಿದ್ದವರನ್ನು ಕೆಳಗೇ ಇಡುವುದಕ್ಕೆ ಕೊಡುವ ಸಿಹಿ ಹೆಸರು. "ಎಷ್ಟು ತಲಿಮಾರು ಬುನಾದಿ ಆಗೋದ್ರಿ ಅಣ್ಣಾ? ಮ್ಯಾಲಿನ ಮಾಳಿಗಿ ಯಾರಿಗೆ ಬಾಡಿಗಿ ಕೊಟ್ಟೀರಿ?"

ಧರ್ಮರಾಜ ಎದ್ದ. "ಭಾಷಣ ಚಾಲೂ ಆತು. ನಾ ಚಾ ತರ್ತೇನಿ."

ಕೊನೆಗೆ ಪಂಚಶೀಲಕ್ಕನೇ ದಾರಿ ಹುಡುಕಿದಳು. ನಿಂಬರ್ಗಾದ ಜಯಂತಿಯಲ್ಲಿ ಒಂದು ಹಾಡಿಗೆ ಮಾತ್ರ ಕೀಬೋರ್ಡಿನ ಬಾಸ್ ಬಂದ್. ನಾನು ನುಡಿಸಬೇಕು. ಸರಿ ಬಂದರೆ ತಂಡದಲ್ಲಿ ಉಳಿಯುತ್ತೇನೆ. ಇಲ್ಲವಾದರೆ ಸೌಂಡಿನ ವೈರು ಸುತ್ತುವ ಕೆಲಸ.

ಏಪ್ರಿಲ್ ೧೧

ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇಲ್ಲ. ಬಿಸಿಲಿಗೆ ರಸ್ತೆಯೇ ಖಾಲಿ.

ಒಂದು ಪ್ರಶ್ನೆ ಬಿಡುತ್ತಿಲ್ಲ. ಓದಿದ್ದೆಲ್ಲ ದನಿ ಎತ್ತು ಅನ್ನುತ್ತದೆ. ಎತ್ತಿದ್ದೇನೆ — ಸಭೆಯಲ್ಲಿ, ಬಸ್ಸಿನಲ್ಲಿ, ತಹಸೀಲ್ ಕಚೇರಿಯಲ್ಲಿ. ಮೈತ್ರಿಯ ಬಾಯಿ ಅಂದರೆ ಓಣಿಗೆಲ್ಲ ಗೊತ್ತು. ಅಂಥವಳು ಹೋಗಿ ಹೋಗಿ ಯಾರಿಗೂ ಕೇಳಿಸದ ವಾದ್ಯವನ್ನು ಯಾಕೆ ಆರಿಸಿಕೊಂಡೆ? ಲೀಡ್ ಗಿಟಾರು ಕಲಿಯಬಹುದಿತ್ತು.

ಆ ದಪ್ಪ ತಂತಿ ಮೊದಲ ಸಲ ಮೀಟಿದಾಗ ಎದ್ದು ಹೋಗಲು ಆಗಲಿಲ್ಲ. ಅಷ್ಟೇ.

ಏಪ್ರಿಲ್ ೨೧, ಸೋಮವಾರ. ಬೆಳಿಗ್ಗೆ

ನಿನ್ನೆ ನಿಂಬರ್ಗಾ. ಎಲ್ಲ ಬರೆಯಬೇಕು. ಕೆಟ್ಟದ್ದೂ.

ಸೌಂಡ್ ಸರ್ವಿಸಿನ ಲಾಡ್ಲೆಸಾಬ ಮಧ್ಯಾಹ್ನವೇ ಸ್ಪೀಕರ್ ಬಾಕ್ಸ್ ಜೋಡಿಸಿದ್ದ. ಒಂದೊಂದು ಬಾಕ್ಸೂ ನಮ್ಮ ಕಪಾಟಿನಷ್ಟು. ಮಿಕ್ಸರ್ ನೋಡಿದೆ. ಹಾಡುವವರ ಬಟನ್ ಮೇಲೆ, ನನ್ನದು ಕೆಳಗೆ. ಎಲ್ಲರದ್ದೂ ಒಂದೇ ಸಾಲಿಗೆ ತರಬೇಕು, ವೇದಿಕೆಯ ಮೇಲಾದರೂ ಸಮಾನತೆ ಇರಲಿ ಅಂದೆ. ಅವನು ವಾದ ಮಾಡಲಿಲ್ಲ, ಹೇಳಿದಂತೆ ಸರಿಸಿದ. ಬಾಕ್ಸುಗಳೆಲ್ಲ ಕೂಗಿ ಊರ ನಾಯಿಗಳು ಎದ್ದವು. "ಮೇಡಂ, ಜೈಭೀಮ್ರಿ. ಆದ್ರ ಇದನ ಮಾತ್ರ ನನಗ ಬಿಡ್ರಿ" ಅಂದ. ಧರ್ಮರಾಜ ನಕ್ಕು ನಕ್ಕು ಪ್ಯಾಡಿನ ಮೇಲೆ ಬಿದ್ದ.

ಆಮೇಲೆ ನನ್ನ ವೈರು ನೇರ ಮಿಕ್ಸರಿಗೆ ಹಾಕಿ, ಮೀಟ್ರಿ ಅಂದ. ಮೀಟಿದೆ.

ಹೇಗೆ ಹೇಳಲಿ. ಸದ್ದು ಮುಂದಿನಿಂದ ಬರಲಿಲ್ಲ. ನೆಲದಿಂದ ಬಂತು. ಹಲಗೆ, ಚಪ್ಪಲಿ, ಮೊಳಕಾಲು, ಹೊಟ್ಟೆ — ಹೀಗೆ ಹತ್ತಿ ಬಂತು. ಸ್ಟೇಜಿನ ಹಿಂದೆ ಕಟ್ಟಿದ್ದ ನೀಲಿ ಬಟ್ಟೆ ಗಾಳಿಯಿಲ್ಲದೆ ಅಲುಗಿತು. ತಿಂಗಳೆಲ್ಲ ಕಪಾಟಿಗೆ ಪಿಸುಗುಟ್ಟಿದ್ದು ಇದನ್ನೇ? ತಂತಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದೆ. ಭಯವಾಯಿತು. ನಿಜವಾಗಿ.

ಸಂಜೆ ಕಾರ್ಯಕ್ರಮ. ಐದನೆಯದು ನನ್ನ ಹಾಡು. ಧರ್ಮರಾಜ ಬರೆದದ್ದು. ಓದು ಬಾರದ ತಾಯಿ ಮೊದಲ ಸಲ ಸಹಿ ಮಾಡುವ ಹಾಡು. 'ಹೆಬ್ಬೆಟ್ಟಿನ ಮಸಿ ತೊಳೆದಾಳ, ಹೆಸರು ಬರೆದಾಳ ನಮ್ಮವ್ವ'. ಖುಷಿಯ ಹಾಡು, ಜನ ಕೈ ತಟ್ಟುವ ಹಾಡು. ಸಿ ಮೇಜರ್, ಅಂದರೆ ತಳದಲ್ಲಿ ಸಿ ಸ್ವರ. ಸತೀಶಣ್ಣ ಬಾಸ್ ಬಟನ್ ಬಂದ್ ಮಾಡಿ ನನ್ನ ಕಡೆ ನೋಡಿದ.

ಎರಡು ನುಡಿ ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ 'ಹೆಸರು ಬರೆದಾಳ' ಎಂಬಲ್ಲಿ ಬೆರಳು ಜಾರಿತು. ಬೆವರು. ಸಿ ಬೇಕಾದರೆ ದಪ್ಪ ತಂತಿಯ ಪಕ್ಕದ ತಂತಿಯನ್ನು ಮೂರನೆಯ ಮನೆಯಲ್ಲಿ, ಅಂದರೆ ಮೂರನೆಯ ಕಂಬಿಯ ಹಿಂದೆ, ಒತ್ತಬೇಕು. ಒತ್ತಲಿಲ್ಲ. ಖಾಲಿ ತಂತಿ ಮೊಳಗಿತು. ಸಿ ಬದಲು ಎ.

ಹಾಡು ತಿರುಗಿಬಿಟ್ಟಿತು.

ಕೀಬೋರ್ಡ್ ಅದೇ ನುಡಿಸುತ್ತಿತ್ತು. ಪಂಚಶೀಲಕ್ಕ ಅದೇ ಹಾಡುತ್ತಿದ್ದಳು. ಆದರೆ ಖುಷಿಯ ಕೆಳಗೆ ಏನೋ ತೆರೆದುಕೊಂಡಿತು. ಹೆಸರು ಬರೆಯಲು ಬಾರದೆ ಕಳೆದ ವರ್ಷಗಳೆಲ್ಲ ಆ ಒಂದು ಸಾಲಿಗೆ ಬಂದು ನಿಂತ ಹಾಗೆ. ಅಕ್ಕನ ದನಿ ಒಮ್ಮೆ ತಡವರಿಸಿ, ಹಿಂದೆಂದೂ ಹೋಗದ ಕಡೆ ಹೋಯಿತು. ಕೈ ತಟ್ಟುತ್ತಿದ್ದವರು ನಿಲ್ಲಿಸಿದರು.

ಸತೀಶಣ್ಣನ ಬೆರಳು ಬಟನ್ನಿಗೆ ಹೋಯಿತು. ಕೀಬೋರ್ಡಿನ ಬಾಸ್ ಬಂತು. ನಾನು ಮುಳುಗಿದೆ. ಹಾಡು ಮುಗಿಯುವವರೆಗೂ ನುಡಿಸಿದೆ. ಕೇಳುತ್ತಿರುವುದು ನನ್ನದೋ ಮಷಿನ್ನಿನದೋ ನನಗೇ ತಿಳಿಯಲಿಲ್ಲ.

ಕೆಳಗಿಳಿದ ಮೇಲೆ ಅವನು ಬೈಯಲಿಲ್ಲ. ಅದೇ ಹೆಚ್ಚು ನೋವು. "ಸಾವಿರ ಮಂದಿ ಮುಂದ ಪ್ರಯೋಗ ಬ್ಯಾಡ. ಇನ್ನ ಸಾಕು ಮೈತ್ರಿ" ಅಂದ. ನಾನು ಕೂತು ವೈರು ಸುತ್ತಿದೆ.

ಏಪ್ರಿಲ್ ೨೪

ಪ್ರ್ಯಾಕ್ಟೀಸಿಗೆ ಹೋಗಲಿಲ್ಲ.

ಮೇ ೪, ಭಾನುವಾರ

ಹತ್ತು ದಿನ ಬರೆದಿಲ್ಲ. ಬರೆಯಲು ಇದ್ದದ್ದು ಸಿಟ್ಟು ಮಾತ್ರ. ಗಿಟಾರು ಮಾರಲು ಫೋಟೋ ಕೂಡ ತೆಗೆದೆ. ಮಂಚದ ಮೇಲೆ ಮಲಗಿಸಿ ತೆಗೆದ ಫೋಟೋ ಶವದ ಹಾಗೆ ಕಂಡಿತು. ಅಳಿಸಿದೆ.

ಇವತ್ತು ಅಂಗಡಿಗೆ ರಜೆ. ಆ ತಪ್ಪು ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ಮೊಬೈಲಿನ ಪಿಯಾನೋ ಆ್ಯಪಿನಲ್ಲಿ ಸಿ, ಇ, ಜಿ ಮೂರನ್ನೂ ಕೂಡಿಸಿ ನುಡಿಸಿ ರೆಕಾರ್ಡ್ ಮಾಡಿಕೊಂಡೆ. ಅದನ್ನು ಓಡಿಸುತ್ತ ಕಪಾಟಿಗೆ ಗಿಟಾರಿನ ತಲೆ ಒತ್ತಿ, ಕೆಳಗೆ ಸಿ ಹಾಕಿದೆ. ಜಯಂತಿಯ ಬೆಳಗು. ಧ್ವಜ ಏರುತ್ತಿದೆ.

ಖಾಲಿ ತಂತಿ. ಎ. ಅದೇ ಧ್ವಜ, ಅದೇ ಬೆಳಗು. ಆದರೆ ನೋಡುತ್ತಿರುವವರು ಇವತ್ತು ಇಲ್ಲದವರನ್ನು ನೆನೆಯುತ್ತಿದ್ದಾರೆ.

ದಪ್ಪ ತಂತಿಯ ಮೊದಲ ಮನೆ, ಎಫ್. ಮನೆಯ ಚಾವಣಿಯ ತಗಡು ಯಾರೋ ಎತ್ತಿದ ಹಾಗೆ. ಬರೀ ಆಕಾಶ.

ಮೊಬೈಲಿನಲ್ಲಿ ಇರುವುದು ಒಂದೇ ರೆಕಾರ್ಡ್. ಅದು ಬದಲಾಗಲು ಸಾಧ್ಯವೇ ಇಲ್ಲ. ಬದಲಾಯಿತು. ಮೂರು ಬಗೆ. ನಾನು ಮುಟ್ಟಿದ್ದು ಕೆಳಗಿನ ಒಂದು ಸ್ವರ ಮಾತ್ರ.

ಎಷ್ಟು ಹೊತ್ತು ಕೂತೆನೋ. ಅನ್ನ ಸೀದುಹೋಯಿತು. ಅವ್ವ ಬಂದು ಕುಕ್ಕರ್ ಇಳಿಸಿ, ನನ್ನ ಮುಖ ನೋಡಿ ಹೋದಳು.

ಬುನಾದಿ ಭಾರ ಹೊರುತ್ತದೆ. ಮೇಲಿನ ಮನೆ ಶಾಲೆಯೋ ಜೈಲೋ, ಅದಕ್ಕೆ ಮಾತಿಲ್ಲ. ಬಾಸಿಗೆ ಇದೆ. ಮೇಲಿರುವವರು ಏನು ಹಾಡುತ್ತಿದ್ದಾರೆ ಎಂದು ಹೇಳುವುದೇ ಇದು. ಯಾವ ಪುಸ್ತಿಕೆಯಲ್ಲೂ ನಾನಿದನ್ನು ಓದಿಲ್ಲ.

ಮೇ ೬

ಪಂಚಶೀಲಕ್ಕ ಜೇವರ್ಗಿಯಿಂದ ಫೋನ್ ಮಾಡಿದಳು. ಡ್ಯೂಟಿ ಮುಗಿದಿತ್ತು, ದನಿಯಲ್ಲಿ ಸುಸ್ತು. ಊಟ, ಬಿಸಿಲು, ಅವ್ವನ ಸೊಂಟ ಎಲ್ಲ ಕೇಳಿದ ಮೇಲೆ ವಿಷಯಕ್ಕೆ ಬಂದಳು. "ಬೇ ಮೈತ್ರಿ, ಅವತ್ತ ಹಾಡಿನ ಕೆಳಗ ಏನ್ ಮಾಡ್ದಿ?"

ತಪ್ಪಾಯ್ತಕ್ಕ ಅಂದೆ.

"ತಪ್ಪೋ ಒಪ್ಪೋ, ನನಗದು ಬೇಕು. ಮೂರು ವರ್ಷ ಆತು ಆ ಹಾಡ ಹಾಡಾಕತ್ತಿ. ಅರ್ಥ ಆಗಿದ್ದು ಅವತ್ತ. ಅದ ಇಲ್ದ ಇನ್ನ ನಾ ಹಾಡಂಗಿಲ್ಲ, ಸತೀಶಗ ಹೇಳೇನಿ."

ಅವಳು ಫೋನ್ ಇಟ್ಟ ಮೇಲೂ ಕಿವಿಗೆ ಒತ್ತಿಕೊಂಡೇ ನಿಂತಿದ್ದೆ.

ಮೇ ೮

ಗಿಟಾರು ಹೊತ್ತು ಸತೀಶಣ್ಣನ ಮನೆಗೆ ಹೋದೆ. ದಾರಿಯುದ್ದಕ್ಕೂ ಭಾಷಣ ತಯಾರಿತ್ತು. ಸಿ ಮೇಜರ್ ಒತ್ತಿ ಹಿಡಿರಿ, ಕೈ ತೆಗಿಬ್ಯಾಡ್ರಿ ಅಂದೆ, ಅಷ್ಟೇ. ಗಿಟಾರನ್ನು ಅವನ ಸಣ್ಣ ಸ್ಪೀಕರಿಗೆ ಹಚ್ಚಿದೆ. ಸಿ. ಎ. ಎಫ್. ಮತ್ತೆ ಎ.

ಅವನ ಕೈ ಕದಲಲಿಲ್ಲ. ಕಣ್ಣು ತನ್ನ ಮೂರು ಬೆರಳುಗಳ ಮೇಲೆ, ಅವು ತನ್ನವೋ ಅಲ್ಲವೋ ಎಂಬಂತೆ.

"ಇದು ನನಗ ಗೊತ್ತಿತ್ತು," ಅಂದ ನಿಧಾನವಾಗಿ. "ಸ್ವರ ಕೂಡ್ಸೋ ಪುಸ್ತಕದಾಗ ಅದ. ಪಾಠ ಮಾಡೇನಿ. ಆದ್ರ ಕೇಳಿದ್ದಿಲ್ಲ."

ಆಮೇಲೆ ಇನ್ನೊಮ್ಮೆ ನುಡಿಸಲು ಹೇಳಿದ. ಮತ್ತೊಮ್ಮೆ. ಅವನ ಹೆಂಡತಿ ಒಳಗಿನಿಂದ ಇಣುಕಿ, ಯಾಕ ಇಬ್ರೂ ಯಾರೋ ಹೋದಂಗ ಕುಂತೀರಿ ಅಂದಳು. ನಕ್ಕೆವು.

ಬುದ್ಧ ಪೂರ್ಣಿಮೆಗೆ ಅಫಜಲಪುರದ ಕಡೆ ಅತನೂರಿನಲ್ಲಿ ಕಾರ್ಯಕ್ರಮ. ಇಡೀ ಕಾರ್ಯಕ್ರಮಕ್ಕೆ ಕೀಬೋರ್ಡಿನ ಬಾಸ್ ಬಂದ್ ಇರಲಿ ಅಂದ. ಆದರೆ ತಾಳ ತಪ್ಪಿದರೆ ಬಟನ್ ಒತ್ತುತ್ತಾನೆ. ಒತ್ತಿದರೆ ಅಲ್ಲಿಗೆ ಮುಗಿಯಿತು. ಒಪ್ಪಿದೆ. ನ್ಯಾಯ.

ಮೇ ೧೩, ಮಂಗಳವಾರ. ಬೆಳಿಗ್ಗೆ

ಬೆರಳ ತುದಿಯಲ್ಲಿ ಬೊಕ್ಕೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಆದರೂ ಇವತ್ತೇ ಬರೆಯಬೇಕು.

ನಿನ್ನೆ ಅತನೂರಿಗೆ ಅವ್ವನೂ ಬಂದಿದ್ದಳು. ಮಿಲ್ಲಿನ ಹೆಂಗಸರ ಜೊತೆ ಧರ್ಮರಾಜನ ಟಂಟಂನಲ್ಲಿ. ಎಲ್ಲರೂ ಮುಂದೆ ಜಮಖಾನದ ಮೇಲೆ ಕೂತರು. ಖೀರು ಹಂಚಿ ಮುಗಿದಿತ್ತು. ಮಕ್ಕಳ ಗಲಾಟೆ, ಕುರ್ಚಿ ಎಳೆಯುವ ಸದ್ದು, ಮೈಕಿನಲ್ಲಿ ಯಾರೋ ಯಾರಿಗೋ ಗಾಡಿ ಸರಿಸಲು ಹೇಳುತ್ತಿದ್ದರು.

ಪಂಚಶೀಲಕ್ಕ ನನ್ನ ಹತ್ತಿರ ಬಂದು, ಮೊದಲ ಹಾಡು ಅದೇ, ಮೊದಲ ಸ್ವರ ನಿನ್ನದೇ, ಒಬ್ಬಳೇ ಹಾಕು ಅಂದಳು. ಪ್ರ್ಯಾಕ್ಟೀಸಿನಲ್ಲಿ ಹೀಗಿರಲಿಲ್ಲ. ಸತೀಶಣ್ಣನ ಕಡೆ ನೋಡಿದೆ. ಅವನ ಬೆರಳು ಬಟನ್ನಿನ ಹತ್ತಿರವೇ ಇತ್ತು.

ಖಾಲಿ ತಂತಿ ಮೀಟಿದೆ.

ಯಾರೂ ತಲೆ ಎತ್ತಿ ನನ್ನನ್ನು ನೋಡಲಿಲ್ಲ. ಯಾವ ವಾದ್ಯ ಎಂದು ಯಾರಿಗೂ ಗೊತ್ತಾಗಿರಲಿಕ್ಕಿಲ್ಲ. ಆದರೆ ಗಲಾಟೆ ಕರಗಿತು. ಮಕ್ಕಳು ಮೊದಲು, ಆಮೇಲೆ ದೊಡ್ಡವರು. ಮತ್ತೆ ಮೀಟಿದೆ. ಅಕ್ಕ ಅದರ ಮೇಲೆ ಕಾಲಿಟ್ಟಂತೆ ಹಾಡಿದಳು. ಹೆಬ್ಬೆಟ್ಟಿನ ಮಸಿ ತೊಳೆದಾಳ... ಹೆಸರು ಬರೆದಾಳ... ಅಲ್ಲಿ ನಾನು ಸಿ-ಗೆ ಏರಿದೆ. ಕತ್ತಲೆ ಕೋಣೆಯಲ್ಲಿ ಕಿಟಕಿ ತೆಗೆದ ಹಾಗೆ ಬೆಳಕು ಬಿತ್ತು.

ಅಕ್ಕ ಮುಂದಿನ ಸಾಲಿಗೆ ಹೋಗಲಿಲ್ಲ. ಮರೆತಳೋ, ಬೇಕೆಂದೇ ನಿಂತಳೋ. ನಾನು ಒಬ್ಬಳೇ ಸಿ ಹಿಡಿದು ನಿಂತೆ. ಧರ್ಮರಾಜ ಕಡ್ಡಿ ಎತ್ತಿದವನು ಹಾಗೇ ಇದ್ದ. ಬಟನ್ ಒತ್ತುವುದಾದರೆ ಇದೇ ಹೊತ್ತು. ಸತೀಶಣ್ಣನ ಕಡೆ ನೋಡಲು ಧೈರ್ಯ ಸಾಲಲಿಲ್ಲ, ಆದರೂ ನೋಡಿದೆ. ಅವನು ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಆಗ ಜಮಖಾನದ ಮೇಲಿನಿಂದ ಒಬ್ಬ ಮುದುಕಿ, ಯಾರೋ ಹೆಸರು ಕೇಳಿದ್ದಕ್ಕೆ ಉತ್ತರ ಕೊಡುವಂತೆ, ಮೆಲ್ಲಗೆ ಅಂದಳು. "ಶಾಂತಾಬಾಯಿ."

ಯಾರೂ ನಗಲಿಲ್ಲ. ನಾನು ಮೀಟಿದೆ. ಪಕ್ಕದವಳು ತನ್ನ ಹೆಸರು ಹೇಳಿದಳು. ಅವಳ ಹಿಂದಿನವಳೂ. ಹಾಡಿನಲ್ಲಿ ಇಲ್ಲದ ಹೆಸರುಗಳು, ಒಂದಾದ ಮೇಲೊಂದು, ನನ್ನ ಒಂದೇ ಸ್ವರದ ಮೇಲೆ ಬಂದು ಕೂರುತ್ತಿದ್ದವು. ಬೆರಳು ಸುಡುತ್ತಿತ್ತು. ಬಿಟ್ಟರೆ ನಿಂತುಹೋಗುತ್ತದೆ, ಬಿಡಬಾರದು...

ಅವ್ವ ಸೆರಗು ಸರಿಮಾಡಿಕೊಂಡಳು. ಮಂಡಿಗೆ ಕೈ ಊರಿ ಎದ್ದು ನಿಂತಳು. ಅಷ್ಟು ಜನರ ನಡುವೆ ಅವಳು ಹಾಗೆ ನಿಂತದ್ದನ್ನು ನಾನು ಎಂದೂ ನೋಡಿಲ್ಲ. ನನ್ನ ಕಡೆ ನೋಡಲಿಲ್ಲ.

"ಮಾಣಿಕಮ್ಮ" ಅಂದಳು. ಜೋರಾಗಿ. ನಾನು ಆ ಸ್ವರವನ್ನು ಅವಳ ಹೆಸರಿನ ಕೆಳಗೆ ಮತ್ತೆ ಮೀಟಿದೆ; ಸತೀಶಣ್ಣನ ಕೈಗಳು ತೊಡೆಯ ಮೇಲೆಯೇ ಇದ್ದವು.